ನೌಕರಿಯ ಕಾರಿಗೆ ವಯಸ್ಸಿನ ಲೆಕ್ಕ

ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುತ್ತೀರಿ. ಮಗನ ನೌಕರಿಗೆಂದು ಹಳೆಯ ಕಾರು ಕೊಳ್ಳುವಾಗಲೂ ಹಾಗೆಯೇ ನೋಡಬೇಕು. ಸ್ವಂತ ಕಾರಿನಲ್ಲಿ ಊರೂರು ತಿರುಗುವ ನೌಕರರಿಗೆ ಕಿಲೋಮೀಟರ್ ಲೆಕ್ಕದಲ್ಲಿ ಭತ್ಯೆ ಕೊಡುವ ಕೆಲವು ಕಂಪನಿಗಳು, ಇಷ್ಟು ವರ್ಷ ಮೀರಿದ ಕಾರು ಆಗದೆಂದು ಕಟ್ಟಳೆ ಮಾಡಿರುತ್ತವೆ.

ಕಾರಿನ ಹಲ್ಲೆಂದರೆ ಅದರ ಆರ್.ಸಿ. ಅದರಲ್ಲಿ ಕಾರು ತಯಾರಾದ ತಿಂಗಳು-ವರ್ಷವೂ ಇರುತ್ತದೆ, ನೋಂದಣಿಯಾದ ದಿನವೂ ಇರುತ್ತದೆ. ಎರಡೂ ಒಂದೇ ಅಲ್ಲ. 2018ರ ಡಿಸೆಂಬರಿನಲ್ಲಿ ತಯಾರಾದದ್ದು 2019ರ ಮಾರ್ಚಿಯಲ್ಲಿ ನೋಂದಣಿಯಾಗಿರಬಹುದು. ಕಂಪನಿ ಯಾವುದರಿಂದ ಎಣಿಸುತ್ತದೆಂಬುದನ್ನು ಮೊದಲು ಬರಹದಲ್ಲಿ ಪಡೆಯಿರಿ. “ಒಬ್ಬರೇ ಓಡಿಸಿದ ಗಾಡಿ” ಎಂದು ದಲ್ಲಾಳಿ ಹೊಗಳಿದ ಮಾತ್ರಕ್ಕೆ ಅದು ಎಳೆಯದಾಗುವುದಿಲ್ಲ. ಸ್ವಂತ ಕಾರಿನ ನೋಂದಣಿ 15 ವರ್ಷ ನಡೆಯುತ್ತದೆ, ನಿಜ. ಆದರೆ ಅದು ಸರ್ಕಾರದ ಕಟ್ಟಳೆ, ಇದು ಕಂಪನಿಯದು.

ಮಿತಿ 8 ವರ್ಷವೆನ್ನೋಣ. 7 ವರ್ಷದ ಕಾರು 2 ಲಕ್ಷಕ್ಕೆ ಸಿಕ್ಕರೆ ಅಗ್ಗವೆನಿಸುತ್ತದೆ. ನೌಕರಿಗೆ ಒದಗುವುದು ಒಂದೇ ವರ್ಷ. 4 ವರ್ಷದ ಕಾರಿಗೆ 4 ಲಕ್ಷ ಕೊಟ್ಟರೆ ನಾಲ್ಕು ವರ್ಷ ಬಂತು, ವರ್ಷಕ್ಕೆ 1 ಲಕ್ಷ ಬಿತ್ತು. ಮಿತಿ ಮೀರಿದ ಕಾರು ಮನೆ ಬಳಕೆಗೆ ಉಳಿಯಬಹುದು, ಭತ್ಯೆ ಮಾತ್ರ ಬಾರದು. ಆದ್ದರಿಂದ ಸಾಲ ಮಾಡಿ ಕೊಳ್ಳುವವರು ಕಂತುಗಳು ಆ ವರ್ಷಗಳೊಳಗೇ ತೀರುವಂತೆ ನೋಡಿಕೊಳ್ಳಿ. ಮುಂಗಡ ಕೊಡುವ ಮುನ್ನ ಆರ್.ಸಿ.ಯ ನಕಲನ್ನು ಮಗನ ಕಚೇರಿಗೆ ಕಳುಹಿಸಿ, ಒಪ್ಪಿಗೆ ತರಿಸಿಕೊಳ್ಳಿ.