ಕಾಡಿಗೂ ಬೆಟ್ಟಕ್ಕೂ ಒಂದೇ ಕ್ಯಾಮೆರಾ: ಬಾಡಿ ಆರಿಸುವ ಮುನ್ನ

ಹಕ್ಕಿ, ಕಾಡುಪ್ರಾಣಿಗಳನ್ನೂ ತೆಗೆಯಬೇಕು, ಬೆಟ್ಟ, ಜಲಪಾತ, ಬಂಡೆಗಳನ್ನೂ ತೆಗೆಯಬೇಕು, ಆದರೆ ಕೊಳ್ಳಲು ಸಾಧ್ಯವಿರುವುದು ಒಂದೇ ಬಾಡಿ. ಇಂಥವರಿಗೆ ಸಿಗುವ ಮೊದಲ ಸಲಹೆ, ದುಡ್ಡಿದ್ದರೆ ಫುಲ್ ಫ್ರೇಮ್ ತಗೊಳ್ಳಿ, ಇಲ್ಲದಿದ್ದರೆ ಕ್ರಾಪ್ ಸೆನ್ಸರ್ ಸಾಕು ಎಂಬುದು. ಈ ಸಲಹೆ ಅರ್ಧ ಮಾತ್ರ ಸರಿ. ಎರಡು ಬಗೆಯ ಛಾಯಾಗ್ರಹಣವೂ ಬಾಡಿಯಿಂದ ಬಯಸುವುದು ಬೇರೆ ಬೇರೆ. ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ. ಟ್ರೈಪಾಡ್ ನಿಲ್ಲಿಸಿ, ಐಎಸ್‌ಒ ಇಳಿಸಿ, ಬೇಕಾದರೆ ಇನ್ನೊಮ್ಮೆ ಕ್ಲಿಕ್ಕಿಸಿ ಬಾಡಿಯ ಕೊರತೆಯನ್ನು ತಾಳ್ಮೆಯಿಂದಲೇ ತುಂಬಿಕೊಳ್ಳಬಹುದು. ರಂಗನತಿಟ್ಟಿನಲ್ಲಿ ದೋಣಿಯ ಪಕ್ಕ ನೀರಿಗೆ ಧುಮುಕಿ ಮೀನು ಕಚ್ಚಿಕೊಂಡು ಏಳುವ ರಿವರ್ ಟರ್ನ್ ಹಾಗಲ್ಲ. ಅಲ್ಲಿ ಕ್ಯಾಮೆರಾ ಫೋಕಸ್ ಹಿಡಿಯದಿದ್ದರೆ ಯಾವ ತಾಳ್ಮೆಯೂ ಆ ಚಿತ್ರವನ್ನು ವಾಪಸು ತಂದುಕೊಡದು. ಆದ್ದರಿಂದ ಒಂದೇ ಬಾಡಿ ಕೊಳ್ಳುವವರು ಅದನ್ನು ಪ್ರಾಣಿಗಾಗಿ ಆರಿಸಬೇಕು, ನಿಸರ್ಗದೃಶ್ಯವನ್ನು ವಿಧಾನದಿಂದ ಸಾಧಿಸಬೇಕು ಎಂಬುದು ನನ್ನ ವಾದ. ಯಾಕೆ ಎಂಬುದನ್ನೂ ಹೇಗೆ ಆರಿಸಬೇಕು ಎಂಬುದನ್ನೂ ಹಂತ ಹಂತವಾಗಿ ನೋಡೋಣ.

ಮೊದಲ ಹಂತದಲ್ಲಿ ಬಾಡಿಯ ಮಾತೇ ಬೇಡ, ಲೆನ್ಸ್ ತೀರ್ಮಾನವಾಗಲಿ. ಈಗಾಗಲೇ ಕ್ಯಾಮೆರಾ ಇದ್ದವರು ತಮ್ಮ ಹಳೆಯ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದು, ಪ್ರತಿಯೊಂದನ್ನೂ ಎಷ್ಟು ಫೋಕಲ್ ಲೆಂಗ್ತ್‌ನಲ್ಲಿ ತೆಗೆದಿದ್ದಾರೆ, ಆಮೇಲೆ ಎಷ್ಟು ಕ್ರಾಪ್ ಮಾಡಿದ್ದಾರೆ ಎಂದು ನೋಡಲಿ. ಲೆನ್ಸಿನ ಕೊನೆಯ ತುದಿಯಲ್ಲಿ ತೆಗೆದೂ ಅರ್ಧಕ್ಕರ್ಧ ಕ್ರಾಪ್ ಮಾಡಿದ ಚಿತ್ರಗಳೇ ಹೆಚ್ಚಿದ್ದರೆ ಸಮಸ್ಯೆ ಬಾಡಿಯದಲ್ಲ, ದೂರದ್ದು. ಕಬಿನಿಯ ಹಿನ್ನೀರಿನ ದಡಕ್ಕೆ ಬರುವ ಆನೆಗೆ 400 ಮಿಲಿಮೀಟರ್ ಸಾಕು, ಸಣ್ಣ ಹಕ್ಕಿಗೆ 600 ಕೂಡ ಕಡಿಮೆಯೇ. ನಿಕಾನ್ 180-600, ಸೋನಿ 200-600, ಕ್ಯಾನನ್ 100-500, ಸಿಗ್ಮಾ ಅಥವಾ ಟ್ಯಾಮ್ರಾನ್ 150-600, ಇವುಗಳಲ್ಲಿ ಯಾವುದು ನಿಮ್ಮ ಜೇಬಿಗೂ ತೋಳಿಗೂ ಒಗ್ಗುತ್ತದೆ ಎಂದು ನೋಡಿ ಆ ಹಣವನ್ನು ಮೊದಲೇ ತೆಗೆದಿಡಿ. ಕೆಲವು ಲೆನ್ಸ್‌ಗಳು ಎರಡು ಕಿಲೋ ತೂಗುತ್ತವೆ ಎಂಬುದು ನೆನಪಿರಲಿ. ಬಾಡಿ ನಾಲ್ಕೈದು ವರ್ಷಕ್ಕೆ ಹಳೆಯದಾಗುತ್ತದೆ, ಒಳ್ಳೆಯ ಲೆನ್ಸ್ ಅದಕ್ಕಿಂತ ಬಹಳ ಕಾಲ ಬಾಳುತ್ತದೆ. ಇನ್ನೊಂದು ಲೆಕ್ಕವನ್ನೂ ಗಮನಿಸಿ. ಎಫ್ 6.3ರ ಬದಲು ಎಫ್ 4ರ ಲೆನ್ಸ್ ಹಾಕಿದರೆ ಒಳಗೆ ಬರುವ ಬೆಳಕು ಸುಮಾರು ಎರಡೂವರೆ ಪಟ್ಟಾಗುತ್ತದೆ. ಫುಲ್ ಫ್ರೇಮ್ ಸೆನ್ಸರಿನ ವಿಸ್ತೀರ್ಣ ಕ್ರಾಪ್ ಸೆನ್ಸರಿಗಿಂತ ಹೆಚ್ಚಿರುವುದು ಸುಮಾರು 2.3 ಪಟ್ಟು. ಅಂದರೆ ದೊಡ್ಡ ಸೆನ್ಸರಿನಿಂದ ನಿರೀಕ್ಷಿಸುವ ಲಾಭವನ್ನು ಲೆನ್ಸೊಂದೇ ಕೊಡಬಲ್ಲದು.

ಎರಡನೆಯ ಹಂತ ಸೆನ್ಸರ್. ಇಲ್ಲಿ ಗೊಂದಲ ಹೆಚ್ಚಾದ್ದರಿಂದ ಸ್ವಲ್ಪ ನಿಧಾನಿಸಬೇಕು. ಕೊಕ್ಕಿನಿಂದ ಬಾಲದವರೆಗೆ ಸುಮಾರು 16 ಸೆಂಟಿಮೀಟರ್ ಇರುವ ಸಣ್ಣ ಮಿಂಚುಳ್ಳಿ 20 ಮೀಟರ್ ದೂರದಲ್ಲಿ ಕೂತಿದೆ, ನಿಮ್ಮ ಕೈಯಲ್ಲಿ 600 ಮಿಲಿಮೀಟರ್ ಲೆನ್ಸ್ ಇದೆ ಎಂದುಕೊಳ್ಳಿ. ಸೆನ್ಸರಿನ ಮೇಲೆ ಬೀಳುವ ಹಕ್ಕಿಯ ಬಿಂಬದ ಉದ್ದ ಸುಮಾರು 4.8 ಮಿಲಿಮೀಟರ್. ಹಿಂದೆ ಇರುವುದು ಫುಲ್ ಫ್ರೇಮೋ ಕ್ರಾಪೋ ಎಂಬುದರಿಂದ ಈ 4.8 ಬದಲಾಗುವುದಿಲ್ಲ. ಕ್ರಾಪ್ ಬಾಡಿ ಹಾಕಿದರೆ 600ರ ಲೆನ್ಸ್ 900 ಆಗುತ್ತದೆ ಎನ್ನುವುದು ಈ ಕಾರಣಕ್ಕೆ ದಾರಿ ತಪ್ಪಿಸುವ ಮಾತು. ಬಿಂಬ ದೊಡ್ಡದಾಗುವುದಿಲ್ಲ, ಸುತ್ತಲಿನ ಜಾಗ ಕತ್ತರಿಸಿಹೋಗುತ್ತದೆ ಅಷ್ಟೆ. ಬದಲಾಗುವುದು ಆ 4.8 ಮಿಲಿಮೀಟರಿನಲ್ಲಿ ಎಷ್ಟು ಪಿಕ್ಸೆಲ್ ಸಿಗುತ್ತವೆ ಎಂಬುದು. 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್‌ನಲ್ಲಿ ಹಕ್ಕಿಯ ಉದ್ದಕ್ಕೆ ಸುಮಾರು 800 ಪಿಕ್ಸೆಲ್. ನಿಕಾನ್ ಡಿ850 ಅಥವಾ ಝೆಡ್8ರಂಥ 45.7 ಮೆಗಾಪಿಕ್ಸೆಲ್ ಫುಲ್ ಫ್ರೇಮ್‌ನಲ್ಲಿ ಸುಮಾರು 1,100. ಹಳೆಯ ಕ್ರಾಪ್ ಬಾಡಿಯಾದ, 20.9 ಮೆಗಾಪಿಕ್ಸೆಲ್‌ನ ಡಿ500ರಲ್ಲೂ ಹೆಚ್ಚುಕಡಿಮೆ ಅಷ್ಟೇ. ಕ್ಯಾನನ್ ಆರ್7ರ 32.5 ಮೆಗಾಪಿಕ್ಸೆಲ್ ಕ್ರಾಪ್ ಸೆನ್ಸರಿನಲ್ಲಿ 1,500ರ ಹತ್ತಿರ. ದೂರದ ಹಕ್ಕಿಯ ಪಾಲಿಗೆ 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಈ ನಾಲ್ಕರಲ್ಲಿ ಕೊನೆಯ ಸ್ಥಾನದಲ್ಲಿದೆ. ಹಾಗೆಂದು ಪಿಕ್ಸೆಲ್ ಹೆಚ್ಚಿದಷ್ಟೂ ವಿವರ ಹೆಚ್ಚುತ್ತದೆ ಎಂದೂ ಹೇಳಲಾಗದು. ಒತ್ತಾದ ಪಿಕ್ಸೆಲ್‌ಗಳು ಕೈನಡುಕವನ್ನೂ ಲೆನ್ಸಿನ ಮಂದತನವನ್ನೂ ಎತ್ತಿ ತೋರಿಸುತ್ತವೆ. ಬಿಸಿಲೇರಿದ ಮೇಲೆ ನೆಲದಿಂದೇಳುವ ಬಿಸಿಗಾಳಿಯ ಕಂಪನಕ್ಕಂತೂ ಯಾವ ಬಾಡಿಯಲ್ಲೂ ಮದ್ದಿಲ್ಲ.

ಇಲ್ಲಿ ಬರುವ ಆಕ್ಷೇಪ ನ್ಯಾಯವಾದದ್ದೇ. ಕಾಡಿನಲ್ಲಿ ಪ್ರಾಣಿಗಳು ಓಡಾಡುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ, ಮಂದ ಬೆಳಕಿನಲ್ಲಿ ಫುಲ್ ಫ್ರೇಮ್‌ನ ನಾಯ್ಸ್ ಕಡಿಮೆಯಲ್ಲವೇ ಎಂದು ಕೇಳಬಹುದು. ಪ್ರಾಣಿ ಇಡೀ ಫ್ರೇಮ್ ತುಂಬಿಕೊಂಡಿದ್ದರೆ ಹೌದು, ಒಂದು ಸ್ಟಾಪ್‌ಗಿಂತ ಸ್ವಲ್ಪ ಹೆಚ್ಚೇ ಲಾಭ. ಆದರೆ ಆ ಲಾಭ ಬರುವುದು ಸೆನ್ಸರಿನ ಇಡೀ ವಿಸ್ತೀರ್ಣವನ್ನು ಬಳಸಿದಾಗ. ಮೇಲಿನ ಮಿಂಚುಳ್ಳಿಯ ವಿಷಯದಲ್ಲಿ ಎರಡೂ ಕ್ಯಾಮೆರಾಗಳಲ್ಲಿ ಬಿಂಬ ಅಷ್ಟೇ ದೊಡ್ಡದು. ಅಪರ್ಚರ್, ಶಟರ್ ವೇಗ ಒಂದೇ ಆದರೆ ಹಕ್ಕಿಯ ಬಿಂಬಕ್ಕೆ ಸಿಕ್ಕ ಬೆಳಕೂ ಒಂದೇ. ಫುಲ್ ಫ್ರೇಮ್ ಹೆಚ್ಚಾಗಿ ಸಂಗ್ರಹಿಸಿದ ಬೆಳಕೆಲ್ಲ ಸುತ್ತಲಿನ ಹಿನ್ನೆಲೆಯದು. ಅದನ್ನು ಕ್ರಾಪ್ ಮಾಡಿ ಎಸೆದಾಗ ಲಾಭವೂ ಅದರ ಜೊತೆಗೇ ಹೋಗುತ್ತದೆ. ಸಫಾರಿ ದಾರಿಯ ಪಕ್ಕದಲ್ಲೇ ಸಿಗುವ ಹುಲಿ, ಕಾಟಿ, ಆನೆಗಳೇ ನಿಮ್ಮ ವಸ್ತುವಾದರೆ ಫುಲ್ ಫ್ರೇಮ್‌ಗೆ ಹಣ ಹಾಕಿ. ಹಕ್ಕಿಗಳೇ ಮುಖ್ಯವಾದರೆ ಆ ಹಣ ಲೆನ್ಸಿಗೆ ಹೋಗಲಿ.

ಮೂರನೆಯ ಹಂತ ಬಾಡಿಯ ವೇಗ. ವನ್ಯಜೀವಿ ಛಾಯಾಗ್ರಹಣದಲ್ಲಿ ಬಾಡಿ ನಿಜಕ್ಕೂ ಬೆಲೆ ಬಾಳುವುದು ಇಲ್ಲಿಯೇ. ಹಕ್ಕಿಯ ಕಣ್ಣನ್ನು ಗುರುತಿಸಿ ಅದರ ಮೇಲೇ ಫೋಕಸ್ ಹಿಡಿದಿಡುವ ಸಾಮರ್ಥ್ಯ ಈಗಿನ ಮಿರರ್‌ಲೆಸ್ ಬಾಡಿಗಳಿಗೆ ಬಂದಿದೆ. ಆದರೆ ಸೆಕೆಂಡಿಗೆ 20, 30 ಚಿತ್ರ ಎಂದು ಪೆಟ್ಟಿಗೆಯ ಮೇಲೆ ಬರೆದಿರುವುದನ್ನಷ್ಟೇ ಓದಿ ಕೊಳ್ಳಬೇಡಿ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಸೆನ್ಸರ್ ಚಿತ್ರವನ್ನು ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಓದುತ್ತದೆ. ಓದುವುದು ನಿಧಾನವಾದರೆ, ಕೊನೆಯ ಸಾಲು ಓದುವ ಹೊತ್ತಿಗೆ ರೆಕ್ಕೆ ಬೇರೆಡೆ ಹೋಗಿ ಬಾಗಿದಂತೆ ಕಾಣುತ್ತದೆ. ಕ್ಯಾನನ್ ಆರ್7 ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಸೆಕೆಂಡಿಗೆ 30 ಚಿತ್ರ ತೆಗೆದರೂ ಅದರ ಸೆನ್ಸರ್ ಓದಲು ಹಿಡಿಯುವ ಸಮಯ ಸುಮಾರು ಸೆಕೆಂಡಿನ 1/30 ಭಾಗ. ಹಾರುವ ಹಕ್ಕಿಗೆ ಅದರ ಮೆಕ್ಯಾನಿಕಲ್ ಶಟರನ್ನೇ ಬಳಸಬೇಕು, ಅದರಲ್ಲೂ ಸೆಕೆಂಡಿಗೆ 15 ಚಿತ್ರ ಸಿಗುತ್ತವೆ. ಸ್ಟ್ಯಾಕ್ಡ್ ಸೆನ್ಸರ್ ಇರುವ ಝೆಡ್8 ಸೆಕೆಂಡಿನ 1/250 ಭಾಗಕ್ಕೂ ಕಡಿಮೆ ಸಮಯದಲ್ಲಿ ಓದಿ ಮುಗಿಸುತ್ತದೆ. ಅದರಲ್ಲಿ ಮೆಕ್ಯಾನಿಕಲ್ ಶಟರೇ ಇಲ್ಲದಿರುವುದಕ್ಕೆ ಇದೇ ಕಾರಣ. ಕ್ರಾಪ್ ಬಾಡಿಗಳಲ್ಲಿ 2022ರ ಫ್ಯೂಜಿ ಎಕ್ಸ್-ಎಚ್2ಎಸ್‌ಗೂ, ಇನ್ನೂ ಚಿಕ್ಕ ಸೆನ್ಸರಿನ ಓಎಂ-1ಕ್ಕೂ ಇಂಥ ಸ್ಟ್ಯಾಕ್ಡ್ ಸೆನ್ಸರ್ ಇದೆ. ಅಂಗಡಿಯಲ್ಲೇ ಪರೀಕ್ಷೆ ಮಾಡುವುದು ಸುಲಭ. ಎಲೆಕ್ಟ್ರಾನಿಕ್ ಶಟರ್ ಹಾಕಿ, ಬಾಗಿಲ ಚೌಕಟ್ಟಿನ ಎದುರು ಕ್ಯಾಮೆರಾವನ್ನು ಎಡದಿಂದ ಬಲಕ್ಕೆ ಬೇಗ ತಿರುಗಿಸುತ್ತಾ ಕ್ಲಿಕ್ ಮಾಡಿ. ಚೌಕಟ್ಟು ವಾಲಿದಂತೆ ಕಂಡರೆ ಎಷ್ಟು ವಾಲಿದೆ ನೋಡಿ. ತಿರುಗುವ ಸೀಲಿಂಗ್ ಫ್ಯಾನಿನ ರೆಕ್ಕೆಗಳನ್ನೂ ತೆಗೆದು ನೋಡಿ. ಅದೇ ಹೊತ್ತಿನಲ್ಲಿ ರಾ ಫೈಲ್ ಇಟ್ಟುಕೊಂಡು ಶಟರ್ ಬಟನ್ ಒತ್ತಿಯೇ ಹಿಡಿದು, ಬಫರ್ ತುಂಬಿ ವೇಗ ಕುಸಿಯುವುದು ಎಷ್ಟು ಸೆಕೆಂಡಿಗೆ ಎಂದು ಎಣಿಸಿ.

ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಕಪ್ಪು-ಬಿಳುಪಿನಲ್ಲಿ ಕಾಡನ್ನು ಕಂಡ ಎಂ.ವೈ. ಘೋರ್ಪಡೆ, ಈ ವನ್ಯಜೀವಿ ಛಾಯಾಗ್ರಾಹಕರೆಲ್ಲ ಕೈಯಿಂದ ಫೋಕಸ್ ಮಾಡುವ ಫಿಲ್ಮ್ ಕ್ಯಾಮೆರಾಗಳ ಕಾಲದವರು, ಹಾಗಿರುವಾಗ ಈ ವೇಗವೆಲ್ಲ ಯಾಕೆ ಎನ್ನುವವರಿದ್ದಾರೆ. ಆ ಚಿತ್ರಗಳ ಹಿಂದೆ ಪ್ರಾಣಿಯ ನಡವಳಿಕೆಯ ಆಳವಾದ ತಿಳಿವಳಿಕೆಯಿತ್ತು, ಅದನ್ನು ಯಾವ ಬಾಡಿಯೂ ಕೊಡಲಾರದು ಎಂಬುದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಇಂದು ಹೆಚ್ಚಿನವರಿಗೆ ಸಿಗುವುದು ಜೀಪಿನಲ್ಲೋ ದೋಣಿಯಲ್ಲೋ ಕೂತು ನೋಡುವ ಅವಕಾಶ. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ಕಾಯಬೇಕು ಎಂಬುದು ಅವರ ಕೈಯಲ್ಲಿಲ್ಲ. ಆ ಮಿತಿಯೊಳಗೆ ಬಾಡಿಯ ವೇಗದಿಂದ ನಿಜವಾದ ನೆರವು ಸಿಗುತ್ತದೆ.

ಇನ್ನು ನಿಸರ್ಗದೃಶ್ಯ. ಇಲ್ಲಿ ಸೆನ್ಸರಿನ ಮೂಲೆ ಮೂಲೆಯೂ ಬಳಕೆಯಾಗುವುದರಿಂದ ದೊಡ್ಡ ಸೆನ್ಸರಿನ ಲಾಭ ಪೂರ್ತಿ ಸಿಗುತ್ತದೆ, ಇದನ್ನು ಅಲ್ಲಗಳೆಯುವಂತಿಲ್ಲ. ನನ್ನ ವಾದ ಇಷ್ಟೇ: ಕ್ರಾಪ್ ಬಾಡಿಯಲ್ಲೂ ಅದರ ಬಹುಪಾಲನ್ನು ಗಳಿಸಲು ದಾರಿಯಿದೆ. ಕ್ಯಾಮೆರಾವನ್ನು ಲಂಬವಾಗಿ ನಿಲ್ಲಿಸಿ, 20 ಮೆಗಾಪಿಕ್ಸೆಲ್‌ನ ಮೂರು ಚಿತ್ರಗಳನ್ನು ಮೂರನೇ ಒಂದು ಭಾಗದಷ್ಟು ಒಂದರ ಮೇಲೊಂದು ಬರುವಂತೆ ತೆಗೆದು ಜೋಡಿಸಿದರೆ 45 ಮೆಗಾಪಿಕ್ಸೆಲ್ ದಾಟುತ್ತದೆ. ಹಂಪಿಯಲ್ಲಿ ಸೂರ್ಯೋದಯದ ಹೊತ್ತಿಗೆ ಆಕಾಶ ಬೆಳಗಿ ಬಂಡೆಗಳು ಕಪ್ಪಗಿದ್ದರೆ, ಬ್ರಾಕೆಟಿಂಗ್ ಇಟ್ಟು ಮೂರು ಎಕ್ಸ್‌ಪೋಷರ್ ತೆಗೆದು ಬೆರೆಸಬಹುದು. ಮುದ್ರಣದ ಲೆಕ್ಕವೂ ಹೆದರಿಸುವಂಥದ್ದಲ್ಲ. ಇಂಚಿಗೆ 300 ಪಿಕ್ಸೆಲ್‌ನ ಕಟ್ಟುನಿಟ್ಟಿನ ಲೆಕ್ಕ ಹಿಡಿದರೂ 24 ಮೆಗಾಪಿಕ್ಸೆಲ್ ಚಿತ್ರ 20 ಇಂಚು ಅಗಲದ ಪ್ರಿಂಟಿಗೆ ಸಾಕು. ಗೋಡೆಗೆ ಹಾಕಿ ದೂರದಿಂದ ನೋಡುವುದಾದರೆ ಇನ್ನೂ ದೊಡ್ಡದಕ್ಕೂ ನಡೆಯುತ್ತದೆ. ಆದರೆ ಈ ದಾರಿಗೊಂದು ಮಿತಿಯಿದೆ. ಅಲೆಗಳು, ಗಾಳಿಗೆ ಓಲಾಡುವ ಭತ್ತದ ಗದ್ದೆ, ಕುದುರೆಮುಖದ ಇಳಿಜಾರಿನಲ್ಲಿ ಕ್ಷಣಕ್ಷಣಕ್ಕೂ ಸರಿಯುವ ಮಂಜು ಇವುಗಳಲ್ಲಿ ಒಂದು ಚಿತ್ರ ಇನ್ನೊಂದಕ್ಕೆ ಕೂಡುವುದಿಲ್ಲ. ನಿಮ್ಮ ಮುಕ್ಕಾಲು ಪಾಲು ಕೆಲಸ ಇಂಥದ್ದೇ ಆಗಿ, ಪ್ರಾಣಿ ಅಪರೂಪಕ್ಕೆ ಎದುರಾಗುವುದಾದರೆ ನನ್ನ ವಾದವನ್ನು ತಿರುಗಿಸಿ ಓದಿಕೊಳ್ಳಿ. ಸೋನಿ ಎ7ಆರ್-5ರಂಥ, 61 ಮೆಗಾಪಿಕ್ಸೆಲ್ ಇದ್ದರೂ ಓದುವುದರಲ್ಲಿ ನಿಧಾನಿಯಾದ ಬಾಡಿ ಆಗ ಸರಿಯಾದ ಆಯ್ಕೆ.

ಉಳಿದವರಿಗೆ ಲೆಕ್ಕ ಹೀಗೆ ಬರುತ್ತದೆ. ಲೆನ್ಸಿನ ಹಣ ತೆಗೆದಿಟ್ಟ ಮೇಲೂ ಸಾಕಷ್ಟು ಉಳಿಯುವುದಾದರೆ 45 ಮೆಗಾಪಿಕ್ಸೆಲ್ ಆಸುಪಾಸಿನ, ವೇಗವಾಗಿ ಓದುವ ಫುಲ್ ಫ್ರೇಮ್ ಬಾಡಿ ಎರಡೂ ಕೆಲಸಕ್ಕೆ ಒದಗುತ್ತದೆ. ಝೆಡ್8ರಲ್ಲಿ ಕ್ರಾಪ್ ಮೋಡ್ ಹಾಕಿದರೂ 19 ಮೆಗಾಪಿಕ್ಸೆಲ್ ಉಳಿಯುತ್ತದೆ, ನಿಸರ್ಗದೃಶ್ಯಕ್ಕೆ ಐಎಸ್‌ಒ 64ರ ಶುದ್ಧ ಚಿತ್ರವೂ ಸಿಗುತ್ತದೆ. ಅಷ್ಟು ಹಣವಿಲ್ಲದಿದ್ದರೆ ಕ್ರಾಪ್ ಬಾಡಿಯೊಂದಿಗೆ ಒಳ್ಳೆಯ 600ರ ಲೆನ್ಸ್. ಫುಲ್ ಫ್ರೇಮ್ ಎಂಬ ಹೆಸರಿಗಾಗಿ 24 ಮೆಗಾಪಿಕ್ಸೆಲ್ ಬಾಡಿ ಕೊಂಡು, ಅದಕ್ಕೆ 300 ಮಿಲಿಮೀಟರಿನ ಲೆನ್ಸ್ ಹಾಕಿ ಹಕ್ಕಿಗಳ ಹಿಂದೆ ಹೊರಡುವುದು ನನ್ನ ಪ್ರಕಾರ ಎಲ್ಲಕ್ಕಿಂತ ನಷ್ಟದ ದಾರಿ. ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಬೇಡವೆನ್ನುವುದಿಲ್ಲ. 2016ರ ಡಿ500, 2017ರ ಡಿ850 ಇಂದಿಗೂ ಗಟ್ಟಿ ಕ್ಯಾಮೆರಾಗಳು. ಆದರೆ ವ್ಯೂಫೈಂಡರಿನಲ್ಲಿ ನೋಡುತ್ತಾ ತೆಗೆಯುವಾಗ ಹಕ್ಕಿಯ ಕಣ್ಣನ್ನು ತಾವಾಗಿಯೇ ಹುಡುಕಿ ಹಿಡಿಯುವ ವಿದ್ಯೆ ಅವಕ್ಕಿಲ್ಲ. ಹಳೆಯ ಲೆನ್ಸ್‌ಗಳನ್ನು ಮುಂದೆ ಮಿರರ್‌ಲೆಸ್ ಬಾಡಿಗೆ ಅಡಾಪ್ಟರ್ ಹಾಕಿ ಬಳಸುವ ಯೋಚನೆಯಿದ್ದರೆ ಒಂದು ಎಚ್ಚರಿಕೆ: ಒಳಗೆ ಮೋಟರ್ ಇಲ್ಲದ ಹಳೆಯ ನಿಕಾನ್ ಲೆನ್ಸ್‌ಗಳು ಆ ಕಂಪನಿಯ ಎಫ್‌ಟಿಝೆಡ್ ಅಡಾಪ್ಟರಿನಲ್ಲಿ ಆಟೋಫೋಕಸ್ ಆಗುವುದಿಲ್ಲ.

ತೀರ್ಮಾನ ಎರಡು ಬಾಡಿಗಳ ನಡುವೆ ಬಂದು ನಿಂತರೆ, ಬೆಂಗಳೂರಿನಲ್ಲಿ ಬಾಡಿಗೆಗೆ ಕ್ಯಾಮೆರಾ ಕೊಡುವ ಅಂಗಡಿಗಳಿವೆ, ಎರಡನ್ನೂ ನೀವು ಕೊಳ್ಳಲಿರುವ ಲೆನ್ಸಿನೊಂದಿಗೇ ತಂದು ಹತ್ತಿರದ ಕೆರೆಯಲ್ಲಿ ಬೆಳಗಿನ ಹೊತ್ತು ಬಳಸಿ ನೋಡಿ. ಬಟನ್‌ಗಳು ಕಣ್ಣು ತೆಗೆಯದೆ ಬೆರಳಿಗೆ ಸಿಗುತ್ತವೆಯೇ, ಕ್ಯಾಮೆರಾವನ್ನು ಲಂಬವಾಗಿ ಹಿಡಿದಾಗಲೂ ಸ್ಕ್ರೀನ್ ತಿರುಗುತ್ತದೆಯೇ ಎಂಬುದು ಅಲ್ಲಿ ಗೊತ್ತಾಗುತ್ತದೆ. ಹಳೆಯ ಬಾಡಿಯಾದರೆ ಶಟರ್ ಕೌಂಟ್ ಕೇಳಿ. ಎಫ್ 16ರಲ್ಲಿ ಬಿಳಿ ಗೋಡೆಯನ್ನು ಫೋಕಸ್ ತಪ್ಪಿಸಿ ತೆಗೆದು ಹಿಗ್ಗಿಸಿ ನೋಡಿದರೆ ಸೆನ್ಸರಿನ ಮೇಲಿನ ದೂಳೂ ಗೀರೂ ಕಾಣುತ್ತವೆ. ಹೊಸದಾದರೆ ಭಾರತದ ವಾರಂಟಿ ಇರುವ ಬಿಲ್ ಪಡೆಯಿರಿ. ಮೆಮೊರಿ ಕಾರ್ಡಿನ ಹಣವನ್ನೂ ಬಜೆಟ್ಟಿಗೆ ಸೇರಿಸಿಕೊಳ್ಳಿ. ಝೆಡ್8ರಂಥ ಬಾಡಿಗೆ ವೇಗದ ಸಿಎಫ್‌ಎಕ್ಸ್‌ಪ್ರೆಸ್ ಕಾರ್ಡ್ ಹಾಕದೆ ಅಗ್ಗದ ಎಸ್‌ಡಿ ಕಾರ್ಡ್ ಹಾಕಿದರೆ ಬಫರ್ ಖಾಲಿಯಾಗಲು ಕಾಯುತ್ತಾ ಕೂರಬೇಕಾಗುತ್ತದೆ.