ಕುದುರೆಯ ಮೈಕಟ್ಟು ಮತ್ತು ಕಾಗದದ ಮೇಲಿನ ಪಂದ್ಯ

1789ರಲ್ಲಿ ಇಂಗ್ಲೆಂಡಿನಲ್ಲಿ ಎಕ್ಲಿಪ್ಸ್ ಎಂಬ ಮುದಿಕುದುರೆಯೊಂದು ಸತ್ತಿತು. ತಾನು ಓಡಿದ 18 ಪಂದ್ಯಗಳಲ್ಲಿ ಒಂದರಲ್ಲಿಯೂ ಸೋಲದ ಕುದುರೆ ಅದು. ಅದರ ದೇಹವನ್ನು ಛೇದಿಸಿ ಅಂಗಾಂಗಗಳನ್ನು ಅಳೆದವನು ಸೇಂಬೆಲ್ ಎಂಬ ಫ್ರೆಂಚ್ ಪಶುವೈದ್ಯ. 1791ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಪಶುವೈದ್ಯ ಕಾಲೇಜಿಗೆ ಮೊದಲ ಪ್ರಾಧ್ಯಾಪಕನಾದವನೂ ಈತನೇ. ಅಳತೆಗಳಿಂದ ಆತನು ಒಂದು ಲೆಕ್ಕವನ್ನು ಹೂಡಿದನು: ಸವಾರನ ಭಾರವಿಲ್ಲದೆ ನಾಗಾಲೋಟದಲ್ಲಿ ಓಡುವಾಗ ಎಕ್ಲಿಪ್ಸ್ ಒಂದು ದಾಪಿಗೆ 25 ಅಡಿ ಕ್ರಮಿಸಬಲ್ಲದು, ಸೆಕೆಂಡಿಗೆ ಅಂತಹ ದಾಪುಗಳು ಎರಡೂ ಮೂರನೆಯ ಒಂದು. ಎಂದಮೇಲೆ ನಾಲ್ಕು ಮೈಲಿಗಳನ್ನು 6 ನಿಮಿಷ 2 ಸೆಕೆಂಡುಗಳಲ್ಲಿ ಮುಗಿಸಬೇಕು.

ಇಂದು ಗಣಕಯಂತ್ರದ ಪರದೆಯ ಮೇಲೆ ಆಡುವ ಕುದುರೆಪಂದ್ಯದ ಆಟಗಳು ಮಾಡುವುದೂ ಇದನ್ನೇ. 1991ರಲ್ಲಿ ಜಪಾನಿನಲ್ಲಿ ಹೊರಬಂದ 'ಡರ್ಬಿ ಸ್ಟ್ಯಾಲಿಯನ್' ಮೊದಲಾದ ಆಟಗಳಲ್ಲಿ ಕುದುರೆ ಎಂದರೆ ಕೆಲವು ಸಂಖ್ಯೆಗಳ ಕಂತೆ. ಆ ಸಂಖ್ಯೆಗಳು ನಿಸರ್ಗದ ನಿಯಮಕ್ಕೆ ಎಷ್ಟು ಹತ್ತಿರವೋ ಆಟವೂ ಅಷ್ಟೇ ನಂಬಲರ್ಹ.

ಸೇಂಬೆಲ್ಲನ ಲೆಕ್ಕವನ್ನು ಪರೀಕ್ಷಿಸೋಣ. ಅವನ ವೇಗ ಸೆಕೆಂಡಿಗೆ ಸುಮಾರು 58 ಅಡಿ. 1973ರ ಬೆಲ್ಮಾಂಟ್ ಪಂದ್ಯದಲ್ಲಿ ಅಮೆರಿಕದ ಸೆಕ್ರೆಟೇರಿಯಟ್ ಒಂದೂವರೆ ಮೈಲಿಯನ್ನು 144 ಸೆಕೆಂಡುಗಳಲ್ಲಿ ಓಡಿ, ಎರಡನೆಯ ಕುದುರೆಯನ್ನು 31 ಕುದುರೆಯುದ್ದಗಳಷ್ಟು ಹಿಂದೆ ಹಾಕಿತು. 7920 ಅಡಿಗಳನ್ನು 144ರಿಂದ ಭಾಗಿಸಿದರೆ ಬರುವುದು ಸರಿಯಾಗಿ 55. ಸವಾರನನ್ನು ಹೊತ್ತಿದ್ದಿತೆಂಬುದನ್ನು ಒಪ್ಪೋಣ. ಆದರೂ ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು ದೂರವನ್ನು ಅದಕ್ಕೂ ಮಿಗಿಲಾದ ವೇಗದಲ್ಲಿ ಎಕ್ಲಿಪ್ಸ್ ಓಡೀತೆಂದು ನಂಬುವುದು ಕಷ್ಟ. ದಾಪನ್ನೂ ಅದರ ಸಂಖ್ಯೆಯನ್ನೂ ಗುಣಿಸಿದ್ದರಲ್ಲಿ ತಪ್ಪಿಲ್ಲ. ಆ ಕುದುರೆ ಉಸಿರಾಡುವುದನ್ನು ಲೆಕ್ಕದಲ್ಲಿ ಮರೆತದ್ದೇ ತಪ್ಪು!

ಆಟಗಳನ್ನು ರಚಿಸುವವರು ಬೀಳಬಹುದಾದ ಇನ್ನೊಂದು ಹಳ್ಳವಿದೆ. ಕಾಲು ಉದ್ದವಾದಷ್ಟೂ ದಾಪು ಉದ್ದ. ಆದುದರಿಂದ ದೊಡ್ಡ ಕುದುರೆಯೇ ವೇಗಶಾಲಿ ಎಂದು ತೋರುತ್ತದೆ. ಒಂದು ಕುದುರೆಯನ್ನು ಎಲ್ಲ ಅಳತೆಗಳಲ್ಲಿಯೂ ಹತ್ತನೆಯ ಒಂದು ಪಾಲು ಹಿಗ್ಗಿಸಿದೆವೆನ್ನಿ. ತೂಕವು ಉದ್ದದ ಘನಕ್ಕೆ ಅನುಗುಣವಾಗಿ ಏರುವುದರಿಂದ 450 ಕಿಲೋಗ್ರಾಂ ಕುದುರೆ ಹೆಚ್ಚುಕಡಮೆ 600 ಕಿಲೋಗ್ರಾಂ ಆಗುತ್ತದೆ. ಮಾಂಸಖಂಡದ ಬಲವಾದರೋ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು, ಅಂದರೆ ಉದ್ದದ ವರ್ಗವನ್ನು, ಅವಲಂಬಿಸಿದೆ. ಅದು ಏರುವುದು ಶೇಕಡ 21 ಮಾತ್ರ. ನೊಬೆಲ್ ಪಾರಿತೋಷಕ ಪಡೆದ ಶರೀರಶಾಸ್ತ್ರಜ್ಞ ಎ. ವಿ. ಹಿಲ್ ಇದೇ ವಿಚಾರವನ್ನು 1950ರಲ್ಲಿ ಮುಂದಕ್ಕೆ ಬೆಳೆಸಿದರು. ಒಂದೇ ಆಕಾರದ ಎರಡು ಪ್ರಾಣಿಗಳಲ್ಲಿ ದೊಡ್ಡದರ ದಾಪು ಎಷ್ಟು ಪಟ್ಟು ಉದ್ದವೋ, ಅದರ ಕಾಲಾಡಿಕೆ ಅಷ್ಟೇ ಪಟ್ಟು ನಿಧಾನ. ಗುಣಿಸಿದಾಗ ಗರಿಷ್ಠ ವೇಗ ಎರಡಕ್ಕೂ ಒಂದೇ! ಗ್ರೇಹೌಂಡ್ ನಾಯಿಯೂ ಪಂದ್ಯದ ಕುದುರೆಯೂ ವೇಗದಲ್ಲಿ ಹತ್ತಿರ ಹತ್ತಿರ ನಿಲ್ಲುವುದರ ಗುಟ್ಟು ಇಲ್ಲಿದೆ.

ಹಾಗಾದರೆ ಮೈಕಟ್ಟಿನಿಂದ ಲಾಭವೇ ಇಲ್ಲವೆ? ಇದೆ, ಆದರೆ ಅದು ಗಾತ್ರದ ಲಾಭವಲ್ಲ, ಅಂಗಗಳ ಹೊಂದಾಣಿಕೆಯ ಲಾಭ. ಕುದುರೆಯ ಕಾಲನ್ನು ಗಮನಿಸಿರಿ. ದಪ್ಪನೆಯ ಮಾಂಸಖಂಡಗಳೆಲ್ಲ ಮೇಲೆ, ಭುಜ ತೊಡೆಗಳಲ್ಲಿ. ಮೊಣಕಾಲಿನಿಂದ ಕೆಳಗೆ ಎಲುಬು, ಸ್ನಾಯುರಜ್ಜು, ಒಂದೇ ಒಂದು ಬೆರಳಿನ ಗೊರಸು. ತುದಿಯಲ್ಲಿ ಭಾರವಿರುವ ಕೋಲನ್ನು ಬೀಸುವುದಕ್ಕಿಂತ ಹಿಡಿಯ ಬಳಿ ಭಾರವಿರುವ ಕೋಲನ್ನು ಬೀಸುವುದು ಸುಲಭವಲ್ಲವೆ? ನೀಳವಾದ ಸ್ನಾಯುರಜ್ಜುಗಳು ನೆಲ ತಾಕಿದಾಗ ಹಿಗ್ಗಿ, ಬಿಟ್ಟಾಗ ಕುಗ್ಗಿ, ಸುರುಳಿತಂತಿಯಂತೆ ಶಕ್ತಿಯನ್ನು ಮರಳಿಸುತ್ತವೆ. ಈ ಹಗುರಕ್ಕೆ ಬೆಲೆಯೂ ಉಂಟು. ನಾಗಾಲೋಟದಲ್ಲಿ ಒಂದು ಕಾಲಿನ ಮೇಲೆ ದೇಹದ ತೂಕದ ಸುಮಾರು ಎರಡೂವರೆ ಪಟ್ಟು ಬಲ ಬೀಳುತ್ತದೆ. 2006ರ ಕೆಂಟಕಿ ಡರ್ಬಿಯನ್ನು ಗೆದ್ದ ಬಾರ್ಬಾರೊ ಎರಡೇ ವಾರಗಳ ತರುವಾಯ ಇನ್ನೊಂದು ಪಂದ್ಯದಲ್ಲಿ ಹಿಂಗಾಲು ಮುರಿದುಕೊಂಡಿತು. ತಿಂಗಳುಗಟ್ಟಲೆ ಚಿಕಿತ್ಸೆ ನಡೆದರೂ ಉಳಿಯಲಿಲ್ಲ. ಪರದೆಯ ಕುದುರೆಗೆ ಈ ಭಯವಿಲ್ಲ.

ಇನ್ನು ಉಸಿರು. ನಾಗಾಲೋಟದಲ್ಲಿ ಕುದುರೆ ಒಂದು ದಾಪಿಗೆ ಒಂದೇ ಉಸಿರು ತೆಗೆದುಕೊಳ್ಳುತ್ತದೆ. ಅದೂ ಮೂಗಿನಿಂದಲೇ, ಬಾಯಿಂದ ಉಸಿರಾಡಲು ಅದಕ್ಕೆ ಬಾರದು. ಓಟ ಬಿರುಸಾದಾಗ ಗುಲ್ಮವು ಕುಗ್ಗಿ, ತಾನು ಕೂಡಿಟ್ಟಿದ್ದ ಕೆಂಪು ರಕ್ತಕಣಗಳನ್ನು ಪ್ರವಾಹಕ್ಕೆ ಬಿಡುತ್ತದೆ. ಅವನ್ನು ಸಾಗಿಸುವುದು ಹೃದಯ. 1932ರಲ್ಲಿ ಸತ್ತ ಫಾರ್ ಲ್ಯಾಪ್ ಕುದುರೆಯ ಹೃದಯ ತೂಗಿದ್ದು 6 ಕಿಲೋಗ್ರಾಮಿಗೂ ಹೆಚ್ಚು. ಅದನ್ನು ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಕಾಪಾಡಿದ್ದಾರೆ. ಕಾಲು ಮೈಲಿಯ ಓಟದಿಂದಲೇ ಹೆಸರು ಪಡೆದ ಕ್ವಾರ್ಟರ್ ಹಾರ್ಸ್ ತಳಿಯಲ್ಲಿ ಹಿಂಭಾಗ ತುಂಬಿದ ಗಿಡ್ಡ ಮೈ. ದೂರದ ಓಟದ ಕುದುರೆಯಲ್ಲಿ ಸಪೂರವಾದ ಮೈ. ಮಾಂಸಖಂಡದ ಬೆಳವಣಿಗೆಯನ್ನು ಹತೋಟಿಯಲ್ಲಿಡುವ ಮಯೊಸ್ಟಾಟಿನ್ ಎಂಬ ಜೀನಿನ ಭೇದಗಳಿಗೂ, ಥರೋಬ್ರೆಡ್ ಕುದುರೆಗೆ ಒಗ್ಗುವ ಪಂದ್ಯದ ದೂರಕ್ಕೂ ಸಂಬಂಧವಿದೆಯೆಂದು ಐರ್ಲೆಂಡಿನ ವಿಜ್ಞಾನಿಗಳು 2010ರಲ್ಲಿ ತೋರಿಸಿದರು.

ವಾಚಕರು ಒಂದು ಪಂದ್ಯವನ್ನು ಕಾಗದದ ಮೇಲೆಯೇ ನಡೆಸಿ ನೋಡಬಹುದು. ಚಿಕ್ಕ ಕುದುರೆಯ ದಾಪು 7 ಮೀಟರ್, ಸೆಕೆಂಡಿಗೆ 2.3 ದಾಪು, ವೇಗ 16.1 ಮೀಟರ್. ಹಿಗ್ಗಿಸಿದ ಕುದುರೆಗೂ, ಹಿಲ್ ಅವರ ನಿಯಮದಂತೆ, ಅದೇ ವೇಗ. ಚಿಕ್ಕದರ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 4 ಮೀಟರ್ ಎಂದು ಇಟ್ಟುಕೊಂಡರೆ, ದೊಡ್ಡದರದ್ದು ಅದನ್ನು 1.1ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 3.64. ಗರಿಷ್ಠ ವೇಗವನ್ನು ಮುಟ್ಟಿದಮೇಲೆ ಎರಡೂ ಸಮಸಮ. ಹೀಗಾಗಿ 400 ಮೀಟರ್ ಓಟದಲ್ಲಿ ಚಿಕ್ಕದು 26.9 ಸೆಕೆಂಡುಗಳಲ್ಲಿಯೂ, ದೊಡ್ಡದು 27.1 ಸೆಕೆಂಡುಗಳಲ್ಲಿಯೂ ಗುರಿ ಮುಟ್ಟುತ್ತವೆ. ಅಂತರ ಮೂರು ಮೀಟರಿಗೆ ತುಸು ಮೇಲೆ. ದೂರವನ್ನು 2400 ಮೀಟರಿಗೆ ಏರಿಸಿರಿ: ಅಂತರ ಅಷ್ಟೇ ಉಳಿಯುತ್ತದೆ, ಒಂದಂಗುಲವೂ ಬೆಳೆಯುವುದಿಲ್ಲ. ಅಷ್ಟು ದೂರದ ಓಟದಲ್ಲಿ ಐದನೆಯ ಒಂದು ಸೆಕೆಂಡಿನ ಆ ನಷ್ಟವನ್ನು ತುಂಬಿಕೊಡಲು ಹೃದಯಕ್ಕೂ ಶ್ವಾಸಕೋಶಕ್ಕೂ ಎರಡು ನಿಮಿಷಗಳಿಗೂ ಹೆಚ್ಚು ಕಾಲಾವಕಾಶವಿರುತ್ತದೆ.