ಸಂಖ್ಯಾರೇಖೆ: ಅರ್ಥ ಮತ್ತು ಉಪಯೋಗ

ಕೆಳಗಿನ ತರಗತಿಗಳಲ್ಲಿ ಗಣಿತವನ್ನು ಉತ್ಸಾಹದಿಂದ ಕಲಿತ ಅನೇಕ ಮಕ್ಕಳು ಋಣಸಂಖ್ಯೆಗಳ ಪಾಠ ಬಂದೊಡನೆ ಎಡವುತ್ತಾರೆ. ಹುಣಸೆಬೀಜಗಳನ್ನೋ ಬೆರಳುಗಳನ್ನೋ ಎಣಿಸಿ ಲೆಕ್ಕ ಮಾಡಿದ ಮಗುವಿಗೆ ಮೂರು ಬೀಜಗಳಿಂದ ಎಂಟು ಬೀಜಗಳನ್ನು ತೆಗೆಯುವುದು ಅಸಂಬದ್ಧವೆನಿಸುವುದು ಸಹಜ. ಆಗ ‘ಋಣಕ್ಕೆ ಋಣ ಸೇರಿದರೆ ಧನ’ ಎಂದು ಬಾಯಿಪಾಠ ಮಾಡಿಸಿದರೆ ಕೆಲವು ಲೆಕ್ಕಗಳಿಗೆ ಉತ್ತರ ದೊರೆಯಬಹುದು, ಅರ್ಥ ದೊರೆಯುವುದಿಲ್ಲ. ಅದೇ ಮಾತನ್ನು ಸ್ಥಳವರಿಯದೆ ಬಳಸಿದ ವಿದ್ಯಾರ್ಥಿಯು (−3) + (−5) = 8 ಎಂದು ಬರೆದು, ತಪ್ಪೆಲ್ಲಿ ಎಂದು ತಿಳಿಯದೆ, ಗಣಿತವೇ ತನಗೆ ಒಲಿಯದೆಂದು ಕೈಬಿಡುತ್ತಾನೆ. ಈ ಸಂಕಟಕ್ಕೆ ಪರಿಹಾರವು ಕಪ್ಪುಹಲಗೆಯ ಮೇಲಿನ ಒಂದು ಗೆರೆಯಲ್ಲಿದೆ.

ಒಂದು ಸರಳರೇಖೆಯನ್ನೆಳೆದು ನಡುವೆ ಒಂದು ಬಿಂದುವಿಗೆ ಸೊನ್ನೆಯೆಂದು ಹೆಸರಿಡಬೇಕು. ಸಮಾನ ಅಂತರದಲ್ಲಿ ಬಲಕ್ಕೆ 1, 2, 3 ಎಂದೂ ಎಡಕ್ಕೆ −1, −2, −3 ಎಂದೂ ಗುರುತಿಸಬೇಕು. ಅಂತರಗಳು ಸಮನಾಗಿರಬೇಕೆಂಬುದೇ ಇದರ ಪ್ರಾಣ. ಇಲ್ಲಿ ಸಂಖ್ಯೆಯು ವಸ್ತುಗಳ ರಾಶಿಯಲ್ಲ, ಅದೊಂದು ಸ್ಥಾನ. ಧನಸಂಖ್ಯೆಯನ್ನು ಕೂಡುವುದೆಂದರೆ ಬಲಕ್ಕೆ ನಡೆಯುವುದು, ಋಣಸಂಖ್ಯೆಯನ್ನು ಕೂಡುವುದೆಂದರೆ ಎಡಕ್ಕೆ ನಡೆಯುವುದು. −3ರಿಂದ ಎಡಕ್ಕೆ ಐದು ಹೆಜ್ಜೆ ಇಟ್ಟ ಮಗು −8ನ್ನು ತಲುಪುತ್ತದೆ. ಹಿಂದಿನ ತಪ್ಪು ತಾನಾಗಿಯೇ ತಿದ್ದಿಕೊಳ್ಳುತ್ತದೆ.

ಆರಂಭದಲ್ಲಿ ಮಕ್ಕಳು ಮಾಡುವ ಒಂದು ತಪ್ಪನ್ನು ಉಪಾಧ್ಯಾಯರು ಗಮನಿಸಬೇಕು. 2 + 3 ಎಂದರೆ 2ರ ಗುರುತನ್ನೇ ‘ಒಂದು’ ಎಂದೆಣಿಸಿ 4ರಲ್ಲಿ ನಿಲ್ಲುವವರುಂಟು. ಎಣಿಸಬೇಕಾದದ್ದು ಗುರುತುಗಳನ್ನಲ್ಲ, ಹೆಜ್ಜೆಗಳನ್ನು.

−7 ಮತ್ತು −3ರಲ್ಲಿ ಯಾವುದು ದೊಡ್ಡದೆಂದರೆ ಹಲವರು −7 ಎನ್ನುತ್ತಾರೆ. ರೇಖೆಯ ಮೇಲೆ ಬಲಕ್ಕಿರುವುದೇ ದೊಡ್ಡದು. ಆದ್ದರಿಂದ −3 ದೊಡ್ಡದು. ಏಳು ರೂಪಾಯಿ ಸಾಲವಿರುವವನಿಗಿಂತ ಮೂರು ರೂಪಾಯಿ ಸಾಲವಿರುವವನ ಸ್ಥಿತಿ ಮೇಲೆಂಬುದನ್ನು ಯಾವ ರೈತನ ಮಗುವೂ ಬಲ್ಲದು.

ವ್ಯವಕಲನವನ್ನು ‘ಎಲ್ಲಿಂದ ಎಲ್ಲಿಗೆ?’ ಎಂಬ ಪ್ರಶ್ನೆಯಾಗಿ ಕೇಳುವುದು ಉತ್ತಮ. 8 − 3 ಎಂದರೆ 3ರಿಂದ 8ಕ್ಕೆ ಹೋಗಲು ಎಷ್ಟು ಹೆಜ್ಜೆ, ಯಾವ ದಿಕ್ಕಿಗೆ? ಬಲಕ್ಕೆ ಐದು. ಹಾಗೆಯೇ 3 − (−5) ಎಂದರೆ −5ರಿಂದ 3ಕ್ಕೆ ಎಷ್ಟು? ಸೊನ್ನೆಯವರೆಗೆ ಐದು, ಮುಂದೆ ಮೂರು. ಒಟ್ಟು ಬಲಕ್ಕೆ ಎಂಟು. ಋಣವನ್ನು ಕಳೆದರೆ ಕೂಡಿದಂತೆ ಏಕಾಗುತ್ತದೆಂಬುದನ್ನು ಮಗು ಕಣ್ಣಾರೆ ಕಾಣುತ್ತದೆ.

ಭಿನ್ನರಾಶಿಗಳಿಗೂ ಈ ರೇಖೆಯಲ್ಲಿ ಸ್ಥಾನವಿದೆ. ಸೊನ್ನೆಗೂ ಒಂದಕ್ಕೂ ನಡುವಿನ ಅಂತರವನ್ನು ಮೂರು ಸಮಭಾಗ ಮಾಡಿದರೆ ಮೊದಲ ಗುರುತು 1/3. ಎರಡು ಸಮಭಾಗ ಮಾಡಿದರೆ ನಡುವಿನದು 1/2. ಛೇದ ದೊಡ್ಡದಾದ ಮಾತ್ರಕ್ಕೆ ಭಿನ್ನರಾಶಿ ದೊಡ್ಡದಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮೇಲಿನ ತರಗತಿಯಲ್ಲಿ, ಸೊನ್ನೆಯಿಂದ ಒಂದರವರೆಗಿನ ಭಾಗದ ಮೇಲೆ ಚೌಕವನ್ನು ರಚಿಸಿ, ಸೊನ್ನೆಯಿಂದ ಹೊರಡುವ ಕರ್ಣವನ್ನು ಕೈವಾರದಿಂದ ರೇಖೆಯ ಮೇಲಿಳಿಸಿದರೆ, ಯಾವ ಭಿನ್ನರಾಶಿಗೂ ಸಮನಲ್ಲದ 2ರ ವರ್ಗಮೂಲದ ಸ್ಥಾನವೂ ದೊರೆಯುತ್ತದೆ.

ಈ ವಿಚಾರದ ಬೇರುಗಳು ನಮ್ಮ ನಾಡಿನಲ್ಲಿಯೂ ಆಳವಾಗಿವೆ. ಕ್ರಿ. ಶ. 628ರಲ್ಲಿ ಬ್ರಹ್ಮಗುಪ್ತನು ತನ್ನ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಧನ, ಋಣ ಮತ್ತು ಶೂನ್ಯಗಳ ನಿಯಮಗಳನ್ನು ಹೇಳಿದನು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದನು, ಅಂಥ ಬಿಂದು ಸಂಖ್ಯಾರೇಖೆಯಲ್ಲಿ ಇಲ್ಲವಷ್ಟೆ. ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲಿ (1150) ಬರುವ ಒಂದು ತ್ರಿಭುಜದ ಪಾದ 9, ಉಳಿದ ಬಾಹುಗಳು 10 ಮತ್ತು 17. ಲಂಬವು ಪಾದದ ಹೊರಗೆ ಬೀಳುವುದರಿಂದ ಪಾದದ ಖಂಡಗಳು 15 ಮತ್ತು −6 ಎಂದಾಗುತ್ತವೆ. ಋಣವೆಂದರೆ ವಿರುದ್ಧ ದಿಕ್ಕು ಎಂದು ಭಾಸ್ಕರನು ಅಲ್ಲಿ ಅರ್ಥೈಸಿದ್ದಾನೆ. ಇಂಗ್ಲೆಂಡಿನ ಜಾನ್ ವಾಲಿಸ್ 1685ರ ತನ್ನ ಬೀಜಗಣಿತ ಗ್ರಂಥದಲ್ಲಿ, ಐದು ಗಜ ಮುಂದೆ ನಡೆದು ಎಂಟು ಗಜ ಹಿಂದೆ ಸರಿದವನು ಹೊರಟ ಸ್ಥಳದಿಂದ −3 ಗಜ ಮುಂದಿರುವನೆಂದು ವಿವರಿಸಿದನು.

ಶರಣರ ಶೂನ್ಯ ಬೇರೆ, ಗಣಿತದ ಸೊನ್ನೆ ಬೇರೆ, ಎರಡನ್ನೂ ಬೆರೆಸಬಾರದು. ಆದರೆ ಅರಿವು ಆಚರಣೆಗೆ ಬರಬೇಕೆಂಬ ಶರಣರ ನಿಲುವು ಗಣಿತ ಬೋಧನೆಗೂ ಸಲ್ಲುತ್ತದೆ. ಶಾಲೆಯ ಅಂಗಳದಲ್ಲಿ ಸುಣ್ಣದಿಂದ ಒಂದು ರೇಖೆಯನ್ನೆಳೆದು ಮಕ್ಕಳನ್ನು ಅದರ ಮೇಲೆ ನಡೆಸಲು ಹೆಚ್ಚಿನ ಹಣ ಬೇಕಿಲ್ಲ; ಉಪಾಧ್ಯಾಯರ ತಾಳ್ಮೆ ಬೇಕು. ದಾನಿಗಳು ಕಟ್ಟಿಸಿದ ಕೊಠಡಿಗಳು ಸಾರ್ಥಕವಾಗುವುದು, ಅವುಗಳೊಳಗೆ ಕುಳಿತ ಕೊನೆಯ ಸಾಲಿನ ಮಗುವೂ ‘ಏಕೆ?’ ಎಂದು ಕೇಳಿ ಉತ್ತರವನ್ನು ತಾನೇ ಕಂಡುಕೊಂಡಾಗ.